ಗೆದ್ದವರನ್ನು ಮೇಲೆ ಹತ್ತಿಸದ ಏಣಿ

ಜರ್ಸಿ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಎರಡೇ. ಒಂದು ಹಸು, ಇನ್ನೊಂದು ಕ್ರಿಕೆಟ್ ಆಟಗಾರರು ಹಾಕಿಕೊಳ್ಳುವ ಅಂಗಿ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಬೆಳೆದ ನನ್ನಂಥವರಿಗಂತೂ ಹಸು ಮೊದಲು, ಅಂಗಿ ಆಮೇಲೆ. ಈ ಎರಡಕ್ಕೂ ಹೆಸರು ಬಂದಿದ್ದು ಒಂದೇ ದ್ವೀಪದಿಂದ ಅಂತ ನನಗೆ ಗೊತ್ತಾಗಿದ್ದು ಇಂಗ್ಲೆಂಡಿಗೆ ಬಂದ ಮೇಲೆ. ಇಂಗ್ಲಿಷ್ ಕಾಲುವೆಯಲ್ಲಿ, ಇಂಗ್ಲೆಂಡಿಗಿಂತ ಫ್ರಾನ್ಸಿಗೇ ಹತ್ತಿರವಾಗಿರುವ ಪುಟ್ಟ ದ್ವೀಪ ಅದು. ಇರುವ ಜನ ಹೆಚ್ಚು ಕಡಿಮೆ ಒಂದು ಲಕ್ಷ. ನಮ್ಮ ಒಂದು ತಾಲ್ಲೂಕು ಕೇಂದ್ರದಲ್ಲಿ ಇರುವಷ್ಟು ಜನ ಅಂದುಕೊಳ್ಳಿ.

ಇವತ್ತು ಬರೆಯಲು ಕೂತಿದ್ದು ಹಸುವಿನ ಬಗ್ಗೆ ಅಲ್ಲ, ಆ ದ್ವೀಪದ ರಗ್ಬಿ ತಂಡದ ಬಗ್ಗೆ. 2023ರ ವಸಂತದಲ್ಲಿ ಜರ್ಸಿ ರೆಡ್ಸ್ ಅನ್ನುವ ಆ ತಂಡ ಇಂಗ್ಲೆಂಡಿನ ಎರಡನೇ ದರ್ಜೆಯ ವೃತ್ತಿಪರ ಲೀಗ್ ಗೆದ್ದಿತು. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಅದು ಬಾಗಿಲು ಮುಚ್ಚಿತು. ಗೆಲುವಿಗೂ ಮುಚ್ಚುವಿಕೆಗೂ ನಡುವೆ ಇದ್ದಿದ್ದು ಬರೀ ಐದು ತಿಂಗಳು.

ಸೋತು ಸೋತು ಮುಚ್ಚಿಹೋಗುವ ತಂಡಗಳನ್ನು ನಾವು ನೋಡಿದ್ದೇವೆ. ಗೆದ್ದು ಮುಚ್ಚಿಹೋದ ತಂಡ? ಇದು ಆ ತಂಡವೊಂದರ ಹಣೆಬರಹ ಅಂತ ಬಿಟ್ಟುಬಿಡೋಕೆ ನನ್ನ ಮನಸ್ಸು ಒಪ್ಪೋದಿಲ್ಲ. ಅದು ಏರಬೇಕಿದ್ದ ಏಣಿಯಲ್ಲೇ ಏನೋ ಊನ ಇದೆ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

*

ಮೊದಲು ರಗ್ಬಿ ಗೊತ್ತಿಲ್ಲದವರಿಗೆ ಎರಡು ಮಾತು. (ಗೊತ್ತಿರುವವರು ಈ ಪ್ಯಾರಾ ಹಾರಿಸಬಹುದು.) ಒಂದೊಂದು ಕಡೆ ಹದಿನೈದು ಜನ. ಮೊಟ್ಟೆಯಾಕಾರದ ಚೆಂಡು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಕೊಡುವಾಗ ಮುಂದಕ್ಕೆ ಕೊಡುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಮುಂದೆ ಹೋಗಬೇಕಾದರೆ ಹಿಂದೆ ಇರುವವನನ್ನು ನಂಬಬೇಕು ಅನ್ನೋದೇ ಈ ಆಟದ ಸೊಗಸು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು 'ಟ್ರೈ', 5 ಅಂಕ. ಹಿಂದಿನ ಕಾಲದಲ್ಲಿ ಹಾಗೆ ಮುಟ್ಟಿಸಿದ್ದಕ್ಕೆ ಅಂಕವೇ ಇರಲಿಲ್ಲವಂತೆ, ಗೋಲಿಗೆ ಒದೆಯುವ ಒಂದು 'ಪ್ರಯತ್ನ' ಮಾತ್ರ ಸಿಗುತ್ತಿತ್ತು. ಆ ಹೆಸರೇ ಇಂದಿಗೂ ಉಳಿದಿದೆ. ನಮ್ಮ ಕಬಡ್ಡಿ ನೋಡಿ ಬೆಳೆದವರಿಗೆ ಈ ಆಟ ಅರ್ಥವಾಗೋಕೆ ಒಂದು ಪಂದ್ಯ ಸಾಕು. ಹಿಡಿಯೋದು, ಬಿಡಿಸಿಕೊಳ್ಳೋದು, ಗೆರೆ ಮುಟ್ಟೋದು... ಎಲ್ಲ ನಮಗೆ ಗೊತ್ತಿರೋದೇ.

ನಾನು ಇರೋದು ಕವೆಂಟ್ರಿಯಲ್ಲಿ. ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ ದೆಸೆಯಿಂದ ಈ ಊರಲ್ಲಿ ಕನ್ನಡ ಮಾತಾಡುವವರು ಕಡಿಮೆಯೇನಿಲ್ಲ. ಇಲ್ಲಿಯ ಕವೆಂಟ್ರಿ ರಗ್ಬಿ ಕ್ಲಬ್ಬು 1874ರಲ್ಲಿ ಹುಟ್ಟಿದ್ದು. 1973 ಮತ್ತು 1974ರಲ್ಲಿ ಇಡೀ ಇಂಗ್ಲೆಂಡಿನ ನಾಕೌಟ್ ಕಪ್ಪು ಗೆದ್ದ ತಂಡ. ಡೇವಿಡ್ ಡಕ್‌ಹ್ಯಾಮ್ ಅನ್ನುವ ದೊಡ್ಡ ಆಟಗಾರ ಆಡಿದ್ದು ಈ ಕ್ಲಬ್ಬಿಗೇ. ಈಗ ಅದು ಎರಡನೇ ದರ್ಜೆಯಲ್ಲಿ ಆಡುತ್ತದೆ. ಬಟ್ಸ್ ಪಾರ್ಕ್ ಅನ್ನುವ ಮೈದಾನ, ಒಂದು ಬದಿಗೆ ಆಸನ ಇರುವ ದೊಡ್ಡ ಸ್ಟ್ಯಾಂಡು, ಉಳಿದ ಕಡೆ ಹೆಚ್ಚಾಗಿ ನಿಂತುಕೊಂಡೇ ನೋಡೋದು. ಚಳಿಗಾಲದ ಶನಿವಾರ ಮಧ್ಯಾಹ್ನ, ಕೈಯಲ್ಲಿ ಬಿಸಿ ಕಾಗದದ ಲೋಟ, ಬೇಲಿಯ ಆ ಕಡೆ ನೂರಿಪ್ಪತ್ತು ಕಿಲೋ ತೂಕದ ಮನುಷ್ಯ ಬಂದು ಬಿದ್ದರೆ ಕಾಲ ಕೆಳಗಿನ ನೆಲ ನಡುಗಿದ್ದು ನಮಗೇ ಗೊತ್ತಾಗುತ್ತದೆ. ಟಿವಿಯಲ್ಲಿ ಈ ಸುಖ ಇಲ್ಲ.

ಪ್ರೀಮಿಯರ್‌ಶಿಪ್ ಮೊದಲ ದರ್ಜೆ, ಅದರ ಕೆಳಗೆ ಚಾಂಪಿಯನ್‌ಶಿಪ್ ಎರಡನೇ ದರ್ಜೆ. (2025-26ರಿಂದ ಇದಕ್ಕೆ 'ಚಾಂಪ್ ರಗ್ಬಿ' ಅಂತ ಹೊಸ ಹೆಸರಿಟ್ಟು 14 ತಂಡ ಮಾಡಿದ್ದಾರೆ.) ನಾನು ಹೇಳುತ್ತಿರುವ 2022-23ರ ಋತುವಿನಲ್ಲಿ ಅಲ್ಲಿ 12 ತಂಡಗಳಿದ್ದವು: ಜರ್ಸಿ, ಈಲಿಂಗ್, ಕವೆಂಟ್ರಿ, ಬೆಡ್‌ಫರ್ಡ್, ಕಾರ್ನಿಷ್ ಪೈರೇಟ್ಸ್, ಡಾನ್‌ಕಾಸ್ಟರ್, ನಾಟಿಂಗ್‌ಹ್ಯಾಮ್, ಹಾರ್ಟ್‌ಪುರಿ, ಆಂಪ್ಟಿಲ್, ಲಂಡನ್ ಸ್ಕಾಟಿಷ್, ಕಾಲ್ಡಿ, ರಿಚ್‌ಮಂಡ್. ಪ್ರತಿ ತಂಡವೂ ಉಳಿದ ಹನ್ನೊಂದರ ಜೊತೆ ಮನೆಯಲ್ಲೊಮ್ಮೆ ಹೊರಗೊಮ್ಮೆ, ಒಟ್ಟು 22 ಪಂದ್ಯ. ಗೆದ್ದರೆ 4 ಅಂಕ. ನಾಲ್ಕು ಟ್ರೈ ಹೊಡೆದರೆ ಒಂದು ಬೋನಸ್. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೂ ಒಂದು ಬೋನಸ್. ಸೋಲುತ್ತಿದ್ದೇವೆ ಅಂತ ಗೊತ್ತಿದ್ದರೂ ಕೊನೇ ನಿಮಿಷದವರೆಗೆ ಜಗ್ಗಾಡುವುದಕ್ಕೆ ಆ ಒಂದು ಅಂಕ ಸಾಕು. ಒಳ್ಳೇ ಪದ್ಧತಿ.

ಈ ಪಟ್ಟಿಯಲ್ಲಿ ಎಲ್ಲರೂ ಒಂದೇ ಥರ ಅಲ್ಲ. ಈಲಿಂಗ್‌ನವರು ಪೂರ್ತಿ ವೃತ್ತಿಪರರು. ಆ ವರ್ಷವಷ್ಟೇ ಕೆಳಗಿನಿಂದ ಮೇಲೆ ಬಂದ ಕಾಲ್ಡಿಯ ಆಟಗಾರರಲ್ಲಿ ಬಹಳಷ್ಟು ಜನ ಬೇರೆ ಕೆಲಸ ಮಾಡಿಕೊಂಡು ಆಡುವವರು. ರಿಚ್‌ಮಂಡ್ ಮತ್ತು ಲಂಡನ್ ಸ್ಕಾಟಿಷ್ ಎರಡಕ್ಕೂ ಒಂದೇ ಮೈದಾನ. ಜರ್ಸಿಯವರಿಗಂತೂ ಹೊರಗಿನ ಪಂದ್ಯ ಅಂದರೆ ಸಮುದ್ರ ದಾಟಬೇಕು. ಬಸ್ಸು ಹತ್ತಿ ಹೋಗಿ ಆಡಿ ರಾತ್ರಿ ಮನೆಗೆ ಬರುವ ಸೌಕರ್ಯ ಅವರಿಗಿಲ್ಲ. ಅಂಥವರು ದಕ್ಷಿಣ ಆಫ್ರಿಕಾದ ಹಾರ್ವಿ ಬಿಲ್ಜನ್ ಅನ್ನುವ ಕೋಚ್ ಕೈಕೆಳಗೆ, ದುಡ್ಡಿನ ಬಲ ಇದ್ದ ಈಲಿಂಗನ್ನು ಹಿಂದೆ ಹಾಕಿ ಲೀಗ್ ಗೆದ್ದರು. ಈ ದರ್ಜೆಯಲ್ಲಿ ಜರ್ಸಿಗೆ ಅದು ಮೊದಲ ಪ್ರಶಸ್ತಿ.

ಗೆದ್ದವರು ಮುಂದಿನ ವರ್ಷ ಎಲ್ಲಿ ಆಡಬೇಕು? ಮೊದಲ ದರ್ಜೆಯಲ್ಲಿ. ನಾವೆಲ್ಲ ಹಾಗೇ ಅಂದುಕೊಳ್ಳುತ್ತೇವೆ. ಆದರೆ ಆ ವರ್ಷ ಯಾರೂ ಮೇಲೆ ಹೋಗಲಿಲ್ಲ.

*

ಹಿಂದಿನ ವರ್ಷವೂ ಹೀಗೇ ಆಗಿತ್ತು. 2021-22ರಲ್ಲಿ ಗೆದ್ದಿದ್ದು ಈಲಿಂಗ್. ಮೇಲೆ ಹೋಗಬೇಕಾದರೆ ಕನಿಷ್ಠ 10,001 ಜನ ಹಿಡಿಸುವ ಮೈದಾನ ಇರಬೇಕು ಅಂತ ಆಗ ನಿಯಮ ಇತ್ತು. ಈಲಿಂಗ್‌ನವರ ಮೈದಾನದಲ್ಲಿ ಅದರ ಅರ್ಧದಷ್ಟೂ ಕಷ್ಟ. ಹಾಗಾಗಿ ನೀವು ಗೆದ್ದರೂ ಬರುವ ಹಾಗಿಲ್ಲ ಅಂದರು. 2023-24ರಲ್ಲಿ ಈಲಿಂಗ್ ಮತ್ತೆ ಗೆದ್ದಿತು, ಮತ್ತೆ ಇಲ್ಲ. 2024-25ರಲ್ಲಿ ಮತ್ತೆ ಗೆದ್ದಿತು, ಮತ್ತೆ ಇಲ್ಲ. ನಡುವೆ ಗೆದ್ದ ಜರ್ಸಿಗೂ ಇಲ್ಲ. ಈ ನಾಲ್ಕು ವರ್ಷದಲ್ಲಿ ಒಂದೇ ಒಂದು ತಂಡವೂ ಆಟದ ಬಲದಿಂದ ಮೇಲೇರಲಿಲ್ಲ. ಅದಕ್ಕೂ ಮುಂಚೆ 2021ರಲ್ಲಿ ಮೇಲೆ ಹೋಗಿದ್ದು ಸರಸೆನ್ಸ್. ಆದರೆ ಅದು ಸಂಬಳದ ಮಿತಿ ಮೀರಿದ ತಪ್ಪಿಗೆ ಶಿಕ್ಷೆಯಾಗಿ ಕೆಳಗೆ ಬಂದಿದ್ದ ಸಿರಿವಂತ ತಂಡ. ಒಂದು ವರ್ಷ ವನವಾಸ ಮುಗಿಸಿ ವಾಪಸ್ ಹೋಯಿತು ಅಷ್ಟೆ.

ಹತ್ತು ಸಾವಿರ ಆಸನದ ನಿಯಮಕ್ಕೆ ಅವರು ಕೊಡುವ ಕಾರಣ ಏನು? ದೊಡ್ಡ ಮೈದಾನ ಇದ್ದರೆ ಹೆಚ್ಚು ಟಿಕೆಟ್ಟು, ಹೆಚ್ಚು ಆದಾಯ, ತಂಡ ಗಟ್ಟಿಯಾಗಿ ನಿಲ್ಲುತ್ತದೆ. ಕೇಳೋಕೆ ಸರಿ ಇದೆ. ಹಾಗಾದರೆ ಅದೇ 2022-23ರ ಋತುವಿನಲ್ಲಿ ಮೊದಲ ದರ್ಜೆಯಲ್ಲಿ ಏನಾಯಿತು ನೋಡೋಣ.

ಋತು ಶುರುವಾದಾಗ ಪ್ರೀಮಿಯರ್‌ಶಿಪ್‌ನಲ್ಲಿ 13 ತಂಡ. ಸೆಪ್ಟೆಂಬರ್ 2022ರಲ್ಲಿ ವೂಸ್ಟರ್ ವಾರಿಯರ್ಸ್ ದಿವಾಳಿ. ಅವರ ಮೈದಾನದಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಜಾಗ ಇತ್ತು. ಅಕ್ಟೋಬರ್‌ನಲ್ಲಿ ವಾಸ್ಪ್ಸ್ ದಿವಾಳಿ. ಜೂನ್ 2023ರಲ್ಲಿ ಲಂಡನ್ ಐರಿಷ್. ಅವರು ಆಡುತ್ತಿದ್ದುದು ಬ್ರೆಂಟ್‌ಫರ್ಡ್ ಫುಟ್‌ಬಾಲ್ ಕ್ಲಬ್ಬಿನ ಹೊಚ್ಚಹೊಸ ಕ್ರೀಡಾಂಗಣದಲ್ಲಿ, ಅದರಲ್ಲಿ ಹದಿನೇಳು ಸಾವಿರ ಆಸನ. 13 ಇದ್ದಿದ್ದು 11 ಆಯಿತು, ಮುಂದಿನ ಋತುವಿಗೆ 10 ಆಯಿತು.

ಮುಳುಗಿದ ಮೂರೂ ತಂಡಗಳು ಆಸನದ ಪರೀಕ್ಷೆಯಲ್ಲಿ ಪಾಸಾದವೇ! ಹಾಗಾದರೆ ಆ ಪರೀಕ್ಷೆ ಏನನ್ನು ಅಳೆಯುತ್ತಿದೆ ಸ್ವಾಮಿ?

ಇದರಲ್ಲಿ ವಾಸ್ಪ್ಸ್ ಕಥೆ ನಮ್ಮೂರಿನದೇ. 2004 ಮತ್ತು 2007ರಲ್ಲಿ ಯೂರೋಪಿನ ಚಾಂಪಿಯನ್ ಆಗಿದ್ದ ತಂಡ ಅದು. ಲಂಡನ್ ಕಡೆಯಿಂದ 2014ರಲ್ಲಿ ಕವೆಂಟ್ರಿಗೆ ಬಂದು ಇಲ್ಲಿಯ ಮೂವತ್ತೆರಡು ಸಾವಿರ ಆಸನದ ಕ್ರೀಡಾಂಗಣವನ್ನೇ ಕೊಂಡುಕೊಂಡಿತು. ಮರುವರ್ಷ ಜನರಿಗೆ ಬಾಂಡ್ ಮಾರಿ 3.5 ಕೋಟಿ ಪೌಂಡ್ ಎತ್ತಿತು. 2022ರ ಮೇ ತಿಂಗಳಲ್ಲಿ ಅದನ್ನು ವಾಪಸ್ ಕೊಡಬೇಕಿತ್ತು. ಕೊಡಲಾಗಲಿಲ್ಲ. ಅಕ್ಟೋಬರ್ ಹೊತ್ತಿಗೆ ಆಟಗಾರರು, ಸಿಬ್ಬಂದಿ ಸೇರಿ 167 ಜನ ಒಂದೇ ದಿನ ಕೆಲಸ ಕಳೆದುಕೊಂಡರು. ದೊಡ್ಡ ಮೈದಾನ ಆ ತಂಡವನ್ನು ಉಳಿಸಲಿಲ್ಲ. ಮೈದಾನದ ಸಾಲವೇ ಅದರ ಕುತ್ತಿಗೆಗೆ ಬಿತ್ತು.

ಅದೇ ಊರಿನ ಇನ್ನೊಂದು ಮೂಲೆಯಲ್ಲಿ, ಬಟ್ಸ್ ಪಾರ್ಕಿನಲ್ಲಿ, 1874ರ ಹಳೇ ಕ್ಲಬ್ಬು ತನ್ನ ಪಾಡಿಗೆ ತಾನು ಆಡುತ್ತಲೇ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ನಮ್ಮ ಗಾದೆ ಇಂಗ್ಲೆಂಡಿನ ರಗ್ಬಿ ಆಡಳಿತಕ್ಕೆ ಯಾರಾದರೂ ಹೇಳಿಕೊಡಬೇಕು. ಇವರು ಹಾಸಿಗೆ ಉದ್ದ ಮಾಡಿಕೊಂಡು ಬಂದವರಿಗೆ ಮಾತ್ರ ಪ್ರವೇಶ ಅನ್ನುತ್ತಾರೆ, ಹಾಸಿಗೆ ಯಾರ ಸಾಲದ್ದು ಅಂತ ಮಾತ್ರ ಕೇಳೋದಿಲ್ಲ.

*

ನನ್ನ ಮಗ ಭಾನುವಾರ ಬೆಳಗ್ಗೆ ಚಿಕ್ಕ ಮಕ್ಕಳ ರಗ್ಬಿ ಆಡಲು ಹೋಗುತ್ತಾನೆ. ಆಗ ಅವನಿಗೆ ಒಂಬತ್ತು ವರ್ಷ. ಲೀಗಿನ ಅಂಕಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳುವ ವಯಸ್ಸು. ಜರ್ಸಿ ಗೆದ್ದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಕೇಳಿದ.

"ಅಪ್ಪಾ, ಮುಂದಿನ ವರ್ಷ ಜರ್ಸಿ ಮೇಲೆ ಹೋಗುತ್ತಾ?"

"ಇಲ್ಲ ಪುಟ್ಟಾ."

"ಮತ್ತೆ ಯಾರು ಹೋಗ್ತಾರೆ?"

"ಯಾರೂ ಇಲ್ಲ."

ಸ್ವಲ್ಪ ಹೊತ್ತು ಅನ್ನ ಕಲಸುತ್ತಾ ಕೂತ. ಆಮೇಲೆ, "ಹಾಗಾದ್ರೆ ಕವೆಂಟ್ರಿಯವರು ಗೆದ್ರೂ ಅಷ್ಟೇನಾ?" ಅಂದ.

ನಾನು ಹೌದು ಅಂದೆ. ಅವನು ಮುಂದೆ ಏನೂ ಕೇಳಲಿಲ್ಲ. ನನ್ನ ಹೆಂಡತಿ ಮಾತ್ರ "ಮತ್ತೆ ಶನಿವಾರ ಶನಿವಾರ ನೀವಿಬ್ರೂ ಚಳೀಲಿ ನಿಂತು ಯಾತಕ್ಕೆ ಕೂಗ್ತೀರಿ?" ಅಂತ ನಕ್ಕಳು.

ಅವಳು ತಮಾಷೆಗೆ ಕೇಳಿದ್ದು. ಆದರೆ ನಿಜವಾದ ಪ್ರಶ್ನೆ ಅದೇ. ಕೂಗೋದು ಯಾತಕ್ಕೆ? ಆಟ ಚೆನ್ನಾಗಿದೆ ಅಂತ, ಒಪ್ಪಿದೆ. ನಮ್ಮೂರಿನ ತಂಡ ಅಂತ, ಅದೂ ಒಪ್ಪಿದೆ. ಆದರೆ ಎರಡನೇ ದರ್ಜೆಯ ಆಟಕ್ಕೆ ಉಸಿರು ಕೊಡೋದು ಇನ್ನೊಂದು ವಿಷಯ. ಇವತ್ತು ಸಣ್ಣವರು, ನಾಳೆ ದೊಡ್ಡವರಾಗಬಹುದು ಅನ್ನುವ ಒಂದು ಎಳೆ ಆಸೆ. ಆ ಆಸೆಯ ಮೇಲೇ ಊರಿನ ಅಂಗಡಿಯವನು ಜಾಹೀರಾತು ಕೊಡುತ್ತಾನೆ, ಹಣವಂತ ಹಣ ಹಾಕುತ್ತಾನೆ, ಇಪ್ಪತ್ತೆರಡರ ಹುಡುಗ ಕಡಿಮೆ ಸಂಬಳಕ್ಕೆ ಮೂಳೆ ಮುರಿಸಿಕೊಳ್ಳಲು ಒಪ್ಪುತ್ತಾನೆ. ಆಸೆ ತೆಗೆದುಬಿಟ್ಟರೆ ಉಳಿಯೋದು ಖರ್ಚು ಮಾತ್ರ.

ಜರ್ಸಿಯಲ್ಲಿ ಆಗಿದ್ದೂ ಇದೇ. 2020ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟ ಎರಡನೇ ದರ್ಜೆಯ ಕ್ಲಬ್ಬುಗಳಿಗೆ ಕೊಡುತ್ತಿದ್ದ ಹಣವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿತು, ವರ್ಷಕ್ಕೆ ಸುಮಾರು 5,34,000 ಪೌಂಡ್ ಇದ್ದಿದ್ದು 2,88,000 ಆಯಿತು. ಆಮೇಲೆ ಇನ್ನೂ ಇಳಿಯಿತು. ಈ ಲೀಗನ್ನೇ ತೆಗೆದು ಹೊಸ ರೂಪ ಕೊಡುತ್ತೇವೆ ಅಂದರು, ಹೇಗೆ, ಎಷ್ಟು ಹಣ, ಯಾವಾಗ ಅಂತ ಸ್ಪಷ್ಟವಾಗಿ ಹೇಳಲಿಲ್ಲ. ತಿಂಗಳ ಮೇಲೆ ತಿಂಗಳು ಚರ್ಚೆ. ಕೊನೆಗೆ ಜರ್ಸಿಗೆ ಹಣ ಹಾಕುತ್ತಿದ್ದವರಿಗೆ ಸಾಕಾಯಿತು. ಆ ತಿಂಗಳ ಸಂಬಳ ಕೊಡಲೂ ಹಣವಿಲ್ಲ ಅಂತ ಕ್ಲಬ್ಬು ಪ್ರಕಟಣೆ ಕೊಟ್ಟಿತು, ಎರಡನೇ ದರ್ಜೆಯ ಭವಿಷ್ಯ ಗೊತ್ತಿಲ್ಲದೆ ಹೂಡಿಕೆದಾರರು ಬೇಸತ್ತಿದ್ದನ್ನೂ ಕಾರಣವಾಗಿ ಹೇಳಿತು. ಅದೇ ತಿಂಗಳಲ್ಲಿ ಪ್ರೀಮಿಯರ್‌ಶಿಪ್ ರಗ್ಬಿ ಕಪ್‌ನಲ್ಲಿ ಈ ಹುಡುಗರು ಮೊದಲ ದರ್ಜೆಯ ಬಾತ್ ತಂಡವನ್ನು ಸೋಲಿಸಿದ್ದರು. ವಿಶ್ವಕಪ್ಪಿನ ಸಮಯ, ಬಾತ್‌ನ ಕೆಲವರು ದೇಶಕ್ಕೆ ಆಡಲು ಹೋಗಿದ್ದರು ಅನ್ನೋದನ್ನೂ ಹೇಳಿಬಿಡುತ್ತೇನೆ. ಆದರೂ ಗೆಲುವು ಗೆಲುವೇ. ಮೊದಲ ದರ್ಜೆಯವರ ಎದುರು ನಾವು ಲಾಯಕ್ಕು ಅಂತ ತೋರಿಸಿದ ತಿಂಗಳಲ್ಲೇ ಸಂಬಳ ಇಲ್ಲ ಅಂದರೆ ಹೇಗಿರುತ್ತೆ?

ಅದರ ಮುಂದಿನ ಶನಿವಾರ ಬಟ್ಸ್ ಪಾರ್ಕಿನಲ್ಲಿ ನನ್ನ ಪಕ್ಕ ಯಾವಾಗಲೂ ನಿಲ್ಲುವ ಅಜ್ಜ ಒಬ್ಬರು ಒಂದು ಮಾತು ಹೇಳಿದರು. ಡಕ್‌ಹ್ಯಾಮ್ ಆಡಿದ್ದನ್ನು ಕಣ್ಣಾರೆ ಕಂಡವರು. ಆ ಡಕ್‌ಹ್ಯಾಮ್ ತೀರಿಕೊಂಡಿದ್ದೂ ಅದೇ ವರ್ಷದ ಜನವರಿಯಲ್ಲಿ. "ನಮ್ಮ ಕಾಲದಲ್ಲಿ ಆಟಗಾರರಿಗೆ ಸಂಬಳ ಇರಲಿಲ್ಲ, ಆದ್ದರಿಂದ ಸಂಬಳ ನಿಲ್ಲುವ ಭಯವೂ ಇರಲಿಲ್ಲ. ಈಗ ವೃತ್ತಿ ಅಂತ ಹೆಸರಿಟ್ಟಿದ್ದಾರೆ, ವೃತ್ತಿಗೆ ಇರಬೇಕಾದ ಭದ್ರತೆ ಇಟ್ಟಿಲ್ಲ" ಅಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಹವಾಮಾನದ ಬಗ್ಗೆ ಹೇಳಿದಷ್ಟೇ ಸಹಜವಾಗಿ ಹೇಳಿದರು. ಅದೇ ನನಗೆ ಹೆಚ್ಚು ಚುಚ್ಚಿದ್ದು.

ರಗ್ಬಿ ಯೂನಿಯನ್ ವೃತ್ತಿಪರ ಆಗಿದ್ದು 1995ರಲ್ಲಿ. ನಾಲ್ಕೇ ವರ್ಷಕ್ಕೆ, 1999ರಲ್ಲಿ, ರಿಚ್‌ಮಂಡ್ ಮತ್ತು ಲಂಡನ್ ಸ್ಕಾಟಿಷ್ ಎರಡೂ ದಿವಾಳಿಯಾದವು. ಲೀಗಿನ ತಳದಿಂದ ಮತ್ತೆ ಶುರು ಮಾಡಿ ವರ್ಷಗಟ್ಟಲೆ ಆಡಿ ಎರಡನೇ ದರ್ಜೆಯವರೆಗೆ ಏರಿ ಬಂದವು. ಕಾಲು ಶತಮಾನ ಕಳೆದರೂ ಅದೇ ರಾಗ ಅದೇ ಹಾಡು. ಆದರೆ ಒಂದು ವ್ಯತ್ಯಾಸ ಗಮನಿಸಿ. ಆ ಎರಡು ಕ್ಲಬ್ಬು ಬದುಕಿ ಬಂದಿದ್ದು ಏಣಿ ಇದ್ದಿದ್ದರಿಂದ. ತಳದಿಂದ ಒಂದೊಂದೇ ಮೆಟ್ಟಿಲು ಹತ್ತಲು ಆಗ ಯಾರೂ ಬೇಡ ಅನ್ನಲಿಲ್ಲ.

*

ಈಗ ಎದುರು ಪಕ್ಷದ ವಾದ. ಅದನ್ನು ಹೇಳದೆ ಬಿಟ್ಟರೆ ನ್ಯಾಯ ಅಲ್ಲ.

"ಬಡ ತಂಡವನ್ನು ಮೇಲೆ ಕರೆದರೆ ಅದಕ್ಕೇ ಕೇಡು" ಅನ್ನುತ್ತಾರೆ. ಉದಾಹರಣೆಗೆ ಲಂಡನ್ ವೆಲ್ಷ್. 2012ರಲ್ಲಿ ಮೈದಾನದ ನೆಪದಲ್ಲಿ ಅದನ್ನು ತಡೆದಿದ್ದರು, ಮೇಲ್ಮನವಿ ಹಾಕಿ ಗೆದ್ದು ಮೇಲೆ ಹೋಯಿತು. ಒಂದು ವರ್ಷಕ್ಕೆ ಕೆಳಗೆ ಬಂತು. 2014ರಲ್ಲಿ ಮತ್ತೆ ಹೋಯಿತು, ಆ ಋತುವಿನ ಲೀಗಿನಲ್ಲಿ ಆಡಿದ 22 ಪಂದ್ಯವನ್ನೂ ಸೋತಿತು. 2016ರ ಡಿಸೆಂಬರ್ ಹೊತ್ತಿಗೆ ಕ್ಲಬ್ಬೇ ಬರಖಾಸ್ತು. ಇದು ನಿಜ. ಅಲ್ಲಗಳೆಯೋಕೆ ಆಗಲ್ಲ.

ಎರಡು ದರ್ಜೆಯ ನಡುವೆ ಬಲದ ಅಂತರ ದೊಡ್ಡದು ಅನ್ನೋದೂ ನಿಜ. 2021ರಲ್ಲಿ ಸರಸೆನ್ಸ್ ಕೆಳಗೆ ಬಂದು ಆಡಿದಾಗ ಅದರ ಐದು ಜನ ಆಟಗಾರರು ಅದೇ ವರ್ಷ ಬ್ರಿಟಿಷ್ ಲಯನ್ಸ್ ತಂಡಕ್ಕೆ ಆಯ್ಕೆಯಾದರು! ಮೇಲೇರಲು ನಡೆದ ಎರಡು ಪಂದ್ಯಗಳ ಫೈನಲ್‌ನಲ್ಲಿ ಈಲಿಂಗನ್ನು ಒಟ್ಟು 117-15ರಿಂದ ಬಡಿದರು. ಆದರೆ ಅದೇ ಸರಸೆನ್ಸ್, ಅದೇ ಋತುವಿನ ಮೊದಲ ಪಂದ್ಯದಲ್ಲಿ, ಪೆನ್ಜಾನ್ಸ್ ಅನ್ನುವ ಕಡಲ ತುದಿಯ ಊರಿನಲ್ಲಿ ಕಾರ್ನಿಷ್ ಪೈರೇಟ್ಸ್ ಕೈಲಿ 25-17ರಿಂದ ಸೋತು ಬಂದಿದ್ದರು. ಅಂತರ ಇದೆ ಅನ್ನೋದು ಸತ್ಯ, ಅದು ದಾಟಲಾಗದ ಕಡಲು ಅನ್ನೋದು ಸತ್ಯ ಅಲ್ಲ.

ದಾಟಿದವರಿದ್ದಾರೆ. ಎಕ್ಸೆಟರ್ ಇದೇ ಎರಡನೇ ದರ್ಜೆಯಿಂದ 2010ರಲ್ಲಿ ಮೇಲೆ ಹೋದ ತಂಡ. 2017ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. 2020ರಲ್ಲಿ ಇಂಗ್ಲೆಂಡ್ ಮತ್ತು ಯೂರೋಪ್ ಎರಡರ ಚಾಂಪಿಯನ್. ಹತ್ತು ವರ್ಷದಲ್ಲಿ! ಫ್ರಾನ್ಸಿನ ಲಾ ರೊಶೆಲ್ 2014ರಲ್ಲಿ ಅಲ್ಲಿಯ ಎರಡನೇ ದರ್ಜೆಯಿಂದ ಮೇಲೇರಿ 2022 ಮತ್ತು 2023ರಲ್ಲಿ ಸತತ ಎರಡು ಸಲ ಯೂರೋಪ್ ಗೆದ್ದಿತು. ಬಾಗಿಲು ಮುಚ್ಚಿದ್ದರೆ ಈ ಎರಡು ತಂಡದ ಹೆಸರೂ ನಮಗೆ ಗೊತ್ತಾಗುತ್ತಿರಲಿಲ್ಲ. ಲಂಡನ್ ವೆಲ್ಷ್ ಕಥೆಯನ್ನು ಮಾತ್ರ ಹೇಳಿ ಎಕ್ಸೆಟರ್ ಕಥೆಯನ್ನು ಮುಚ್ಚಿಡೋದು, ಪರೀಕ್ಷೆಯಲ್ಲಿ ಒಬ್ಬ ಫೇಲಾದ ಅಂತ ಶಾಲೆಗೇ ಬೀಗ ಹಾಕಿದಂತೆ.

ಫ್ರಾನ್ಸಿನವರು ಹೇಗೆ ಮಾಡಿದ್ದಾರೆ ನೋಡಿ. ಅವರ ಎರಡನೇ ದರ್ಜೆಗೆ ಪ್ರೊ ಡಿ2 ಅಂತ ಹೆಸರು, 16 ತಂಡ. ಮೊದಲ ದರ್ಜೆಯನ್ನು ನಡೆಸುವ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಹಾಗಾಗಿ ಇದು ಅವರಿಗೆ ಮಲತಾಯಿ ಮಗು ಅಲ್ಲ. ಕ್ಲಬ್ಬುಗಳ ಲೆಕ್ಕಪತ್ರ ನೋಡೋಕೆ ಅಂತಲೇ ಒಂದು ಸಮಿತಿ ಇದೆ. ಲೆಕ್ಕ ಸರಿ ಇಲ್ಲದಿದ್ದರೆ ಎಷ್ಟು ದೊಡ್ಡ ತಂಡವಾದರೂ ಕೆಳಗೆ ತಳ್ಳುತ್ತಾರೆ. ಮಾಂಟೊಬಾನ್ ಅನ್ನುವ ತಂಡ 2010ರಲ್ಲಿ ಹಾಗೆ ಹಣದ ಕಾರಣಕ್ಕೆ ಮೊದಲ ದರ್ಜೆಯಿಂದ ಬಿದ್ದಿತ್ತು. ಹದಿನೈದು ವರ್ಷ ಒದ್ದಾಡಿ 2025ರಲ್ಲಿ ಪ್ರೊ ಡಿ2 ಫೈನಲ್ ಗೆದ್ದು ಮತ್ತೆ ಮೇಲೆ ಬಂತು. ತಪ್ಪು ಲೆಕ್ಕಕ್ಕೆ ಶಿಕ್ಷೆ ಇದೆ, ಒಳ್ಳೇ ಆಟಕ್ಕೆ ದಾರಿಯೂ ಇದೆ. ಇಷ್ಟೇ ನಾನು ಕೇಳೋದು.

ಇಂಗ್ಲೆಂಡಿನಲ್ಲಿ ಹಣವೇ ಇಲ್ಲ ಅಂತಲ್ಲ. 2024ರಲ್ಲಿ ಒಕ್ಕೂಟವೂ ಪ್ರೀಮಿಯರ್‌ಶಿಪ್ಪೂ ಎಂಟು ವರ್ಷಕ್ಕೆ 26.4 ಕೋಟಿ ಪೌಂಡ್‌ಗಳ ಒಪ್ಪಂದ ಮಾಡಿಕೊಂಡವು. ವರ್ಷಕ್ಕೆ 3.3 ಕೋಟಿ. ಮೇಲಿನವರಿಗೆ ಎಂಟು ವರ್ಷದ ಭರವಸೆ ಕೊಡಲು ಸಾಧ್ಯವಾದರೆ ಕೆಳಗಿನವರಿಗೆ ಮೂರು ವರ್ಷದ್ದಾದರೂ ಕೊಡಬಹುದಲ್ಲವೇ?

*

ರಗ್ಬಿಗೂ ನಮಗೂ ಏನು ಸಂಬಂಧ ಅಂತ ಕೇಳುವವರಿಗೆ ಒಂದು ಸ್ವಾರಸ್ಯದ ವಿಷಯ. ಇಂಗ್ಲೆಂಡ್-ಸ್ಕಾಟ್ಲೆಂಡ್ ಪ್ರತಿ ವರ್ಷ ಆಡುವ ಪಂದ್ಯಕ್ಕೆ ಕೊಡುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತೆಯಲ್ಲಿ ಬ್ರಿಟಿಷರು ಕಟ್ಟಿಕೊಂಡಿದ್ದ ರಗ್ಬಿ ಕ್ಲಬ್ಬೊಂದಕ್ಕೆ ಆಡುವವರು ಕಡಿಮೆಯಾಗಿ ಮುಚ್ಚುವ ಪರಿಸ್ಥಿತಿ ಬಂತು. ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು, ಕರಗಿಸಿ, ನಾಗರಹಾವಿನ ಹಿಡಿ, ಮುಚ್ಚಳದ ಮೇಲೆ ಆನೆ ಇರುವ ಕಪ್ಪು ಮಾಡಿಸಿ 1878ರಲ್ಲಿ ಒಕ್ಕೂಟಕ್ಕೆ ಕೊಟ್ಟರು. ಮರುವರ್ಷ 1879ರಲ್ಲಿ ಆ ಕಪ್ಪಿಗಾಗಿ ಮೊದಲ ಪಂದ್ಯ. ಜರ್ಸಿಯಲ್ಲಿ ರಗ್ಬಿ ಕ್ಲಬ್ಬು ಹುಟ್ಟಿದ್ದೂ ಅದೇ 1879ರಲ್ಲಿ! ಒಂದು ಕ್ಲಬ್ಬು ಸಾಯುವಾಗ ಯಾರ ಬಾಕಿಯನ್ನೂ ಉಳಿಸಿಕೊಳ್ಳದೆ, ಉಳಿದ ಹಣದಿಂದ ಆಟಕ್ಕೇ ಒಂದು ಉಡುಗೊರೆ ಕೊಟ್ಟು ಹೋಯಿತು. ಇನ್ನೊಂದು, ಗೆದ್ದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ, ಸಂಬಳದ ಬಾಕಿ ಹೊತ್ತುಕೊಂಡು ಹೋಯಿತು.

ನಮ್ಮ ದೇಶದಲ್ಲೂ 2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು. ಏಳೇಳು ಜನರ ಚಿಕ್ಕ ಆಟ, ಆರು ಫ್ರಾಂಚೈಸಿ, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಮೊದಲ ವರ್ಷ ಚೆನ್ನೈನವರು ಗೆದ್ದರು. ಸಂತೋಷವೇ. ಆದರೆ ಅದು ಐಪಿಎಲ್ ಮಾದರಿ, ಮುಚ್ಚಿದ ಮನೆ. ಅಲ್ಲಿಗೆ ಹಣ ಕೊಟ್ಟು ಬರಬಹುದು, ಕೆಳಗಿಂದ ಗೆದ್ದು ಬರೋಕೆ ಮೆಟ್ಟಿಲಿಲ್ಲ. ಹೊಸ ಆಟಕ್ಕೆ ಮೊದಮೊದಲು ಅದೇ ದಾರಿ ಇರಬಹುದು, ನಾನು ಜಗಳ ತೆಗೆಯೋದಿಲ್ಲ. ಆದರೆ ನೂರೈವತ್ತು ವರ್ಷ ಊರೂರಿಗೆ ಕ್ಲಬ್ಬು ಕಟ್ಟಿ ಬೆಳೆಸಿದ ದೇಶ, ಇದ್ದ ಏಣಿಯನ್ನು ಎತ್ತಿಟ್ಟು ನಮ್ಮ ಫ್ರಾಂಚೈಸಿ ದಾರಿಗೆ ಬರುತ್ತೇನೆ ಅಂದರೆ ಅದಕ್ಕೆ ಏನನ್ನೋಣ? ನಮ್ಮ ರಣಜಿಯಲ್ಲೂ ಪ್ಲೇಟ್ ಗುಂಪಿನಲ್ಲಿ ಚೆನ್ನಾಗಿ ಆಡಿದವರಿಗೆ ಎಲೀಟ್ ಗುಂಪಿಗೆ ಹೋಗಲು ದಾರಿ ಇದೆ. ಮೇಲೆ ಹೋದವರು ಕರ್ನಾಟಕದ ಕೈಲೋ ಮುಂಬೈ ಕೈಲೋ ಹೀನಾಯವಾಗಿ ಸೋಲಬಹುದು. ಸೋಲಲಿ ಬಿಡಿ. ಸೋಲುವ ಹಕ್ಕನ್ನು ಸಂಪಾದಿಸಿಕೊಂಡು ಬಂದಿದ್ದಾರಲ್ಲ.

*

ಹಾಗಾದರೆ ಏನು ಮಾಡಬೇಕು? ನಾನೇನು ರಗ್ಬಿ ಪಂಡಿತ ಅಲ್ಲ, ಬೇಲಿ ಪಕ್ಕ ನಿಂತು ನೋಡುವವನು. ಆದರೂ ನನಗೆ ತೋಚಿದ್ದು ನಾಲ್ಕು ಮಾತು.

ಒಂದು, ಆಸನ ಎಣಿಸೋದು ಬಿಟ್ಟು ಲೆಕ್ಕ ನೋಡಿ. ಸಾಲ ಎಷ್ಟು, ಯಾರದ್ದು, ಯಾವಾಗ ತೀರಿಸಬೇಕು, ಹಣ ಹಾಕುವ ಒಬ್ಬ ಮನುಷ್ಯ ನಾಳೆ ಕೈ ಎತ್ತಿದರೆ ಕ್ಲಬ್ಬು ಎಷ್ಟು ತಿಂಗಳು ನಡೆಯುತ್ತದೆ. ಈ ಪ್ರಶ್ನೆಗಳನ್ನು ಮೇಲಿನವರಿಗೂ ಕೆಳಗಿನವರಿಗೂ ಒಂದೇ ಸಮ ಕೇಳಿ.

ಎರಡು, ಗೆದ್ದವರನ್ನು ಮೊದಲು ಒಳಗೆ ಬಿಡಿ, ಮೈದಾನ ದೊಡ್ಡದು ಮಾಡಲು ಎರಡು ಮೂರು ವರ್ಷ ಗಡುವು ಕೊಡಿ. ಮೇಲೆ ಹೋಗೋದೇ ಖಾತ್ರಿ ಇಲ್ಲದಾಗ ಹತ್ತು ಸಾವಿರ ಆಸನ ಕಟ್ಟು ಅನ್ನೋದು, ಹುಡುಗಿ ಒಪ್ಪುವ ಮೊದಲೇ ಛತ್ರ ಬುಕ್ ಮಾಡಿ ಅಂದಂತೆ :)

ಮೂರು, ಎರಡನೇ ದರ್ಜೆಗೆ ಎಷ್ಟು ಹಣ ಕೊಡುತ್ತೀರಿ ಅಂತ ಮೂರು ವರ್ಷ ಮುಂಚೆ ಹೇಳಿ. ಕಡಿಮೆಯಾದರೂ ಪರವಾಗಿಲ್ಲ, ಮಾತಿಗೆ ನಿಲ್ಲಿ. ಕಡಿಮೆ ಸಂಬಳದಲ್ಲಿ ಸಂಸಾರ ಮಾಡಬಹುದು, ಯಾವ ತಿಂಗಳು ಬರುತ್ತದೋ ಬರುವುದಿಲ್ಲವೋ ಅನ್ನುವ ಸಂಬಳದಲ್ಲಿ ಆಗೋದಿಲ್ಲ.

ನಾಲ್ಕು, ಋತು ಶುರುವಾಗುವ ಮುಂಚೆ ಪ್ರತಿ ಕ್ಲಬ್ಬೂ ಕೆಲವು ತಿಂಗಳ ಸಂಬಳವನ್ನು ಬೇರೆ ಖಾತೆಯಲ್ಲಿ ಠೇವಣಿ ಇಡಬೇಕು. ಕ್ಲಬ್ಬು ಮುಳುಗಿದರೂ ಆಟಗಾರನಿಗೆ, ಫಿಸಿಯೋಗೆ, ಹುಲ್ಲು ಕತ್ತರಿಸುವವನಿಗೆ, ಅಡುಗೆಯವಳಿಗೆ ಆ ತಿಂಗಳ ದುಡ್ಡು ಸಿಗಬೇಕು. ಮುಳುಗುವ ಹಡಗಿನಲ್ಲೂ ಜೀವರಕ್ಷಕ ದೋಣಿ ಇರುತ್ತದೆ.

ಇದರಲ್ಲಿ ಯಾವುದೂ ಕ್ರಾಂತಿ ಅಲ್ಲ. ನಾಲ್ಕನೆಯದಕ್ಕೆ ಸ್ವಲ್ಪ ಹಣ ಬೇಕು, ಉಳಿದ ಮೂರಕ್ಕೆ ಬೇಕಾಗಿದ್ದು ಮನಸ್ಸು ಮಾತ್ರ.

ಜರ್ಸಿಯಲ್ಲಿ ಈಗಲೂ ರಗ್ಬಿ ಇದೆ. ಸಂಬಳ ಇಲ್ಲದೆ ಆಡುವ ಹುಡುಗರು ಹಳೇ ಹೆಸರಿನಲ್ಲೇ, ಏಣಿಯ ಬಹಳ ಕೆಳಗಿನ ಮೆಟ್ಟಿಲಲ್ಲಿ ಆಡುತ್ತಿದ್ದಾರೆ. ವೂಸ್ಟರ್ ಕೂಡ 2025ರಲ್ಲಿ ಎರಡನೇ ದರ್ಜೆಗೆ ಬಂದು ಮತ್ತೆ ಆಟ ಶುರು ಮಾಡಿತು. ಆಟ ಸಾಯೋದಿಲ್ಲ, ಅದು ನನಗೆ ಗೊತ್ತು. ಆದರೆ ಕೆಳಗಿನ ಮೆಟ್ಟಿಲಲ್ಲಿ ನಿಂತವನು ತಲೆ ಎತ್ತಿ ನೋಡಿದಾಗ ಮೇಲಿನ ಮೆಟ್ಟಿಲು ಕಾಣಬೇಕು. ಅದನ್ನು ಹತ್ತುವ ಶಕ್ತಿ ಅವನಿಗೆ ಇರಲಿ ಇಲ್ಲದಿರಲಿ, ಮೆಟ್ಟಿಲು ಅಲ್ಲಿರಬೇಕು. ಇಲ್ಲದಿದ್ದರೆ ಅದನ್ನು ಲೀಗ್ ಅಂತ ಕರೆಯೋದು ಯಾಕೆ? ನೀವೇನಂತೀರಿ?